ದೋಣಿ ತಪ್ಪಿದ ಮೇಲೆ ಮುಳ್ಳು ಸಾಹೇಬರು

ಬೆಳಿಗ್ಗೆ ಹತ್ತಾದರೂ ಭಾವ ಇನ್ನೂ ಮಲಗಿದ್ದಾರೆ ಎಂದು ಅಕ್ಕ ಫೋನಿನಲ್ಲಿ ಹೇಳಿದಾಗ ನನ್ನ ಎದೆ ಧಸಕ್ಕೆಂದಿತು.

"ಡಾಕ್ಟರು ಏನಂದ್ರು?" ಎಂದೆ.

"ಯಾವ ಡಾಕ್ಟರು?"

"ಮಲಗಿದ್ದಾರೆ ಅಂದೆಯಲ್ಲ!"

"ನಿದ್ದೆ ಬಂತು, ಮಲಗಿದ್ದಾರೆ ಕಣೋ. ಎಚ್ಚರ ಆದಾಗ ಏಳ್ತಾರೆ."

"ಯಾವಾಗ ಎಚ್ಚರ ಆಗುತ್ತೆ?"

"ಎದ್ದಾಗ."

ಹೋಗಲಿ, ಊರಿಗೆ ಯಾವಾಗ ವಾಪಸು ಬರುತ್ತೀರಿ ಎಂದು ಕೇಳಿದೆ. "ಅದೂ ಹಾಗೇನೇ" ಎಂದು ನಕ್ಕು ಫೋನ್ ಇಟ್ಟಳು.

ಇದರಲ್ಲಿ ಗಾಬರಿಯಾಗುವಂಥದ್ದೇನಿದೆ ಎಂದು ಭಾವನನ್ನು ಕಾಣದವರು ಕೇಳಬಹುದು. ಕಂಡವರು ಯಾರೂ ಕೇಳುವುದಿಲ್ಲ. ಅವರು ನನ್ನ ಹಾಗೆ ಕುರ್ಚಿ ಹುಡುಕಿಕೊಂಡು ಕೂರುತ್ತಾರೆ.

ಭಾವ, ಎಂದರೆ ನಮ್ಮಕ್ಕನ ಗಂಡ, ನಮ್ಮೂರ ಬಸ್ ನಿಲ್ದಾಣದ ಕಂಟ್ರೋಲರ್ ಆಗಿದ್ದವರು. ನಿಲ್ದಾಣದ ನಟ್ಟನಡುವೆ ಮೂರು ಕಡೆ ಗಾಜು, ಒಂದು ಕಡೆ ಗೋಡೆ ಇರುವ ಪುಟ್ಟ ಕೋಣೆ. ಅದರೊಳಗೆ ಒಂದು ಎತ್ತರದ ಸ್ಟೂಲು, ಒಂದು ಮೈಕು, ಒಂದು ಸೀಟಿ, ಆ ಸೀಟಿಯ ಹಿಂದೆ ಭಾವ. ಯಾವ ಬಸ್ಸು ಎಲ್ಲಿ ನಿಲ್ಲಬೇಕು, ಯಾವಾಗ ತೊಲಗಬೇಕು ಎಂಬುದೆಲ್ಲ ಅವರ ಉಸಿರಿನಲ್ಲಿತ್ತು. ಅವರು ಸೀಟಿ ಬಾಯಿಗಿಟ್ಟರೆ ಚಹಾ ಕುಡಿಯುತ್ತಿದ್ದ ಡ್ರೈವರುಗಳು ಲೋಟವನ್ನು ಅಲ್ಲೇ ಬಿಟ್ಟು ಓಡುತ್ತಿದ್ದರು. ಅವರನ್ನು ಎಲ್ಲರೂ ಕರೆಯುತ್ತಿದ್ದದ್ದು 'ಮುಳ್ಳು ಸಾಹೇಬ್ರು' ಎಂದು. ಗಡಿಯಾರದ ಮುಳ್ಳೋ ಗುಲಾಬಿ ಗಿಡದ ಮುಳ್ಳೋ ಎಂದು ನಾನೊಮ್ಮೆ ಒಬ್ಬ ಕಂಡಕ್ಟರನ್ನು ಕೇಳಿದ್ದೆ. "ಚುಚ್ಚಿಸಿಕೊಂಡ ಮೇಲೆ ಯಾವುದಾದರೇನು ಸಾರ್" ಎಂದ.

ಅವರಿಗೆ ತನ್ನವರು ಪರರು ಎಂಬ ಭೇದವಿರಲಿಲ್ಲ. ನಮ್ಮಪ್ಪ ಒಮ್ಮೆ ಮಗಳನ್ನು ನೋಡಿಕೊಂಡು ಊರಿಗೆ ಹೊರಟಿದ್ದರು. ಒಂದು ಕಾಲು ಬಸ್ಸಿನ ಮೆಟ್ಟಿಲ ಮೇಲೆ, ಇನ್ನೊಂದು ಕಾಲು ನೆಲದ ಮೇಲೆ ಇರುವಾಗಲೇ ಸ್ವಂತ ಅಳಿಯ ಸೀಟಿ ಊದಿದರು. ಅಪ್ಪ ಚಪ್ಪಲಿಯೊಂದನ್ನು ನಿಲ್ದಾಣಕ್ಕೆ ದಾನ ಮಾಡಿ ಊರು ಸೇರಿದರು. ಮಾವ ಅನ್ನೋದಾದರೂ ನೋಡಬಾರದೇ ಎಂದು ಅಕ್ಕ ಅತ್ತುಕೊಂಡಾಗ ಭಾವ ಹೇಳಿದ್ದು ಒಂದೇ ಮಾತು: "ನಿಮ್ಮಪ್ಪನ ಕಾಲಿಗಿಂತ ಕಾಲ ದೊಡ್ಡದು."

ಮನೆಯಲ್ಲಿ ಇನ್ನೊಂದು ಪದ್ಧತಿ. ಗೋಡೆಗೊಂದು ಗಡಿಯಾರ, ಯಾವುದೂ ಸರಿಯಾದ ಹೊತ್ತು ತೋರಿಸುವಂತಿಲ್ಲ. ಅಡುಗೆ ತಡವಾಗಬಾರದೆಂದು ಅಡುಗೆಮನೆಯದ್ದು ಕಾಲು ಗಂಟೆ ಮುಂದೆ. ಬಚ್ಚಲುಮನೆ ಹೊಕ್ಕ ಮಕ್ಕಳು ಅಲ್ಲೇ ಸಂಸಾರ ಹೂಡುತ್ತಿದ್ದರಾದ್ದರಿಂದ ಅದರ ಬಾಗಿಲ ಮೇಲಿನದು ಇನ್ನೂ ಮುಂದೆ. ಭಾವನ ಕೈಗಡಿಯಾರ ಹತ್ತು ನಿಮಿಷ ಮುಂದೆ. ಹೆದರಿಸಬೇಕೆಂದು ಭಾವ ಮುಂದಿಟ್ಟರೆ, ಹೆದರಬಾರದೆಂದು ಮನೆಯವರೆಲ್ಲ ಮನಸ್ಸಿನಲ್ಲೇ ಅಷ್ಟನ್ನು ಕಳೆದುಕೊಂಡು ನೋಡುತ್ತಿದ್ದರು. ಕಾಲ ಕಳೆಯುವುದು ಎಂದರೆ ನಮಗೆಲ್ಲ ಒಂದು ಅರ್ಥ, ಅಕ್ಕನ ಮನೆಯಲ್ಲಿ ಶುದ್ಧ ಗಣಿತ. ಆ ಮಕ್ಕಳು ಕೂಡುವುದಕ್ಕಿಂತ ಮೊದಲು ಕಳೆಯುವುದನ್ನು ಕಲಿತವು.

ಅಕ್ಕನೋ, ಮಾತಿನಲ್ಲಿ ಅವಸರವೆಂಬುದನ್ನೇ ಅರಿಯದವಳು. ಬದನೆಕಾಯಿ ಚೆನ್ನಾಗಿರಲಿಲ್ಲ ಎಂದು ಹೇಳಲು ಅವಳು ತರಕಾರಿಯವನ ತಂಗಿಯ ಮದುವೆಯಿಂದ ಹೊರಡಬೇಕು. ದಾರಿಯಲ್ಲಿ ನಾಲ್ಕು ಜನರನ್ನು ಮಾತಾಡಿಸಬೇಕು, ಒಬ್ಬರ ಮೇಲೆ ಸಿಟ್ಟಾಗಬೇಕು, ಕೊನೆಗೆ ಬದನೆಕಾಯಿಗೆ ಬರಬೇಕು. ಅವಳು ತಂಗಿಯ ಮದುವೆಗೆ ಕೈಹಾಕುತ್ತಲೇ, ನಿಂತುಕೊಂಡೇ ಊಟ ಮಾಡುತ್ತಿದ್ದ ಭಾವ "ಸಾರಾಂಶ ಹೇಳು" ಎಂದು ಕೈ ತೊಳೆಯುತ್ತಿದ್ದರು. ಇಡೀ ದಾಂಪತ್ಯವನ್ನು ಅಕ್ಕ ಸಾರಾಂಶದಲ್ಲೇ ನಡೆಸಿದಳು.

ಭಾವ ನಿವೃತ್ತರಾದ ದಿನ ಅವಳು ಕೇಳಿದ್ದು ಒಂದೇ. "ಬೇರೆಯವರನ್ನ ಬಸ್ಸು ಹತ್ತಿಸಿದ್ದು ಸಾಕು. ಒಂದು ಸಲ ನಾವೇ ಹತ್ತೋಣ. ಹೋದೆವು ಬಂದೆವು ಅನ್ನೋ ಹಾಗಲ್ಲ, ತಿಂಗಳುಗಟ್ಟಲೆ."

ಮೂರು ತಿಂಗಳ ಪ್ರವಾಸಕ್ಕೆ ಭಾವ ಒಪ್ಪಿದರು. ಒಪ್ಪಿದರು ಎಂದರೆ, ಊರೂರಿಗೆ ಬಸ್ಸು, ರೈಲು, ದೋಣಿ ಎಲ್ಲ ಜೋಡಿಸಿ, ಉಸಿರಾಡಲು ಸಂದಿಯಿಲ್ಲದ ಹಾಗೆ ಒಂದು ವೇಳಾಪಟ್ಟಿ ಬರೆದರು. ಹೊರಡುವ ಮೊದಲು ಇನ್ನೊಂದು ಕೆಲಸವನ್ನೂ ಮಾಡಿದರು. ನಮ್ಮೂರಲ್ಲೊಂದು ಖಾಸಗಿ ಬಸ್ ಕಂಪನಿ. ಅದರ ಬಸ್ಸುಗಳು ಒಂದೇ ಊರಿಗೆ ಮೂರು ಮೂರು ಒಟ್ಟಿಗೆ ಓಡಿ, ಆಮೇಲೆ ದಿನವಿಡೀ ಒಂದೂ ಇರುತ್ತಿರಲಿಲ್ಲ. ಮಾಲೀಕರು ಭಾವನ ಕೈಹಿಡಿದು, ನಮ್ಮನ್ನು ಉದ್ಧಾರ ಮಾಡಿ, ಹೊಸ ಗಾಜಿನ ಕೋಣೆ ಕಟ್ಟಿಸಿಕೊಡುತ್ತೇನೆ ಎಂದರು. ಪ್ರವಾಸ ಮುಗಿದ ಮಾರನೆಯ ದಿನವೇ ಬರುತ್ತೇನೆಂದು ಭಾವ ಮಾತು ಕೊಟ್ಟರು.

ಪ್ರವಾಸ ಮುಗಿಯುವ ದಿನ ಬಂತು, ಹೋಯಿತು. ಭಾವ ಬರಲಿಲ್ಲ. ಅವರ ಫೋನು ಸತ್ತಿತ್ತು. ಆಗ ಅಕ್ಕನ ಫೋನಿಗೆ ಹಚ್ಚಿದಾಗಲೇ ಮೇಲಿನ ಮಾತುಕತೆ ನಡೆದದ್ದು.

ಮನೆಯವರೆಲ್ಲ ಸೇರಿದೆವು. ಅಕ್ಕನ ಮಗ, ಅಪ್ಪನಿಗೆ ತಲೆಗೇನೋ ಪೆಟ್ಟು ಬಿದ್ದಿರಬೇಕು ಎಂದ. ಬಸ್ ಮಾಲೀಕರು ಸೋಮವಾರದ ಗಡುವು ಕೊಟ್ಟು, ಅಷ್ಟರೊಳಗೆ ಬರದಿದ್ದರೆ ಬೇರೆಯವರನ್ನು ಇಟ್ಟುಕೊಳ್ಳುತ್ತೇನೆ ಎಂದರು. ಎಲ್ಲರಿಗಿಂತ ಹೆಚ್ಚು ಕಂಗಾಲಾದವಳು ಅಕ್ಕನ ಸೊಸೆ. "ಚಿಕ್ಕಮಾವ, ಹೇಗಾದ್ರೂ ಮಾಡಿ ಕರ್ಕೊಂಡು ಬಂದು ಆ ಕೋಣೇಲಿ ಕೂರಿಸಿಬಿಡಿ. ಅವರು ಮನೇಲಿ ಕೂತರೆ ನನ್ನ ಕುಕ್ಕರಿಗೂ ಸೀಟಿ ಊದ್ತಾರೆ" ಎಂದಳು. ಬೇರೆ ಯಾರಿಗೂ ರಜೆ ಇರಲಿಲ್ಲ. ಹೊರಟೆ.

ಅವರಿದ್ದದ್ದು ನದಿಯ ದಡದ ಒಂದು ಸಣ್ಣ ಪೇಟೆ. ಒಂದೇ ಬೀದಿ, ಅದೂ ನೀರು ಕಂಡಲ್ಲಿ ಮುಗಿಯುತ್ತದೆ. ಕೊನೆಯಲ್ಲಿ ದೋಣಿಕಟ್ಟೆ, ಕಟ್ಟೆಯ ಎದುರು ಹಸಿರು ಬಾಗಿಲಿನ ಒಂದು ವಸತಿಗೃಹ. ಅದರ ಜಗುಲಿಯ ಮೇಲೆ ಗಡ್ಡದ ಮುದುಕನೊಬ್ಬ ಬುಟ್ಟಿ ಇಟ್ಟುಕೊಂಡು ಬಟಾಣಿ ಸುಲಿಯುತ್ತಿದ್ದ. ಒಂದು ಸಿಪ್ಪೆ ಬಿಡಿಸುವುದು, ಒಳಗೆಷ್ಟು ಚೆನ್ನಾಗಿ ಕೂತಿವೆಯೆಂದು ಕಾಳುಗಳನ್ನು ನೋಡುವುದು, ನದಿಯನ್ನು ನೋಡುವುದು, ಆಮೇಲೆ ಇನ್ನೊಂದು. ಇಲ್ಲಿ ಒಬ್ಬರು ಸಾಹೇಬರು ಉಳಿದುಕೊಂಡಿದ್ದಾರಲ್ಲ ಎಂದು ಆ ಮುದುಕನನ್ನೇ ಕೇಳಿದೆ.

"ಬಾರಪ್ಪ, ಕೂತ್ಕೋ" ಎಂದ ಮುದುಕ, ಭಾವನ ದನಿಯಲ್ಲಿ.

ನನ್ನ ಕೈಯಲ್ಲಿದ್ದ ಚೀಲ ಕೆಳಗೆ ಬಿತ್ತು. ಒಂದು ದಿನವೂ ಕ್ಷೌರ ತಪ್ಪಿಸದ ಆ ಮುಖದ ಮೇಲೆ ಪೊದೆ! ಎಡಗೈಯಲ್ಲಿ ಗಡಿಯಾರವಿರಲಿಲ್ಲ. ಅದಿದ್ದ ಜಾಗದ ಬಿಳಿ ಪಟ್ಟಿಯೂ ಬಿಸಿಲಿಗೆ ಮಾಸಿತ್ತು. ಮೊದಲಾಗಿದ್ದರೆ ಅವರು ಮೊಟ್ಟಮೊದಲು ಕೇಳುತ್ತಿದ್ದದ್ದು, ಬಸ್ಸು ಎಷ್ಟು ತಡ ಎಂದು. ಕೇಳಲಿಲ್ಲ. ನಾನೇ ಹೇಳಿದೆ. ಹಳೆಯ ಅವಸರದ ಜ್ವರ ಕೊಂಚವಾದರೂ ಬರಲಿ ಎಂದು, ಬಸ್ಸು ಬಹಳ ತಡವಾಗಿ ಬಂತು ಭಾವ, ಎರಡು ಗಂಟೆ, ಎಂದೆ.

"ಹೌದಾ? ಪರವಾಗಿಲ್ಲ ಬಿಡು, ದಾರೀಲಿ ಏನೇನು ನೋಡಿದೆ?" ಎಂದರು.

ನಾನು ಏನೂ ನೋಡಿರಲಿಲ್ಲ. ನೋಡುತ್ತಿರುವುದನ್ನೇ ನಂಬಲಾಗುತ್ತಿರಲಿಲ್ಲ.

ಅಕ್ಕ ಒಳಗಿನಿಂದ ಬಂದಳು. ಬಿಸಿಲಲ್ಲಿ ಕಪ್ಪಾಗಿ, ಹತ್ತು ವರ್ಷ ಚಿಕ್ಕವಳಾಗಿದ್ದಳು. ಭಾವ ಕಾಳಿನ ಪಾತ್ರೆ ಎತ್ತಿಕೊಂಡು ಅಡುಗೆಮನೆಗೆ ಹೋದದ್ದೇ ತಡ, ಅವಳ ಕೈ ಹಿಡಿದುಕೊಂಡು, "ಅಕ್ಕಾ, ಏನಾಯ್ತು ಇವರಿಗೆ?" ಎಂದೆ.

ಏನಾಯಿತೆಂದು ಅವಳು ಹೇಳಿದ್ದನ್ನು ನಾನು ಸಾರಾಂಶದಲ್ಲೇ ಕೊಡುತ್ತೇನೆ, ಇಲ್ಲದಿದ್ದರೆ ತರಕಾರಿಯವನ ತಂಗಿಯೂ ಬರುತ್ತಾಳೆ.

ಪ್ರವಾಸದ ಮೊದಲ ವಾರಗಳು ಭಾವ ಅಂದುಕೊಂಡ ಹಾಗೇ ಓಡಿದವು. ಅಕ್ಕನ ಪಾಲಿಗೆ ಊರುಗಳೆಲ್ಲ ಕಿಟಕಿಯಿಂದಲೇ ಕಂಡು ಮರೆಯಾದವು. ಈ ಪೇಟೆಯಲ್ಲಿ ಇದ್ದದ್ದು ದೋಣಿ ಹಿಡಿಯುವುದಕ್ಕಷ್ಟೇ. ಸಾಮಾನುಗಳ ಜೊತೆ ಭಾವ ಮುಂದಾಗಿ ಕಟ್ಟೆಗೆ ಹೋದರು. ಅಕ್ಕ ಚಹಾ ಮುಗಿಸಿ ಬರಬೇಕು. ತಡಮಾಡಿಯಾಳೆಂದು ತಮ್ಮ ಕೈಗಡಿಯಾರವನ್ನೇ ಬಿಚ್ಚಿ ಅವಳ ಮುಂದಿಟ್ಟು, "ಇದನ್ನ ನೋಡ್ಕೊಂಡು ಬಾ" ಎಂದರು.

"ನೋಡ್ಕೊಂಡೇ ಬಂದೆ ಕಣೋ" ಎಂದಳು ಅಕ್ಕ. "ಯಾವತ್ತಿನ ಹಾಗೆ ಹತ್ತು ನಿಮಿಷ ಕಳೆದೆ. ಅಯ್ಯೋ ಬೇಕಾದಷ್ಟು ಹೊತ್ತಿದೆ ಅಂತ ಇನ್ನೊಂದು ಲೋಟ ಚಹಾ ಹೇಳಿದೆ."

ಭಾವ ಪ್ರವಾಸಕ್ಕೆಂದು ಆ ಗಡಿಯಾರವನ್ನು ಸರಿಯಾದ ಹೊತ್ತಿಗೆ ತಿರುಗಿಸಿದ್ದರು. ಹೊರಗಿನ ರೈಲು ದೋಣಿಗಳಿಗೆ ನಮ್ಮ ಮನೆಯ ಲೆಕ್ಕ ಗೊತ್ತಿಲ್ಲವಲ್ಲ ಎಂಬ ದೂರಾಲೋಚನೆ. ಆದರೆ ಅದನ್ನು ಹೆಂಡತಿಗೆ ಹೇಳಲು ಮರೆತಿದ್ದರು. ಜೀವಮಾನದಲ್ಲಿ ಮೊದಲ ಸಲ ಅವರ ಗಡಿಯಾರ ನಿಜ ಹೇಳಿತು, ಆ ಸಲವೇ ಅಕ್ಕ ನಂಬಲಿಲ್ಲ. ಅವಳು ಬಾಯಿ ಒರೆಸಿಕೊಳ್ಳುತ್ತ ಬರುವಾಗ ದೋಣಿ ಬಿಟ್ಟಾಗಿತ್ತು. ಹೊರಟ ದೋಣಿಯಿಂದ ಭಾವ ಹಾರಿ ಕಟ್ಟೆಯ ಮೇಲೆ ಬಿದ್ದಿದ್ದರು. ಪೆಟ್ಟಿಗೆ, ಚೀಲ, ಕ್ಷೌರದ ಸಾಮಾನು, ಅಲಾರಾಂ ಗಡಿಯಾರ, ವೇಳಾಪಟ್ಟಿ ಎಲ್ಲ ನದಿಯ ಮೇಲೆ ಹೊರಟುಹೋದವು. ಗಂಟೆ ತಪ್ಪಿತು, ಗಂಟು ಹೋಯಿತು. ಮುಂದಿನ ದೋಣಿ ಯಾವಾಗ ಎಂದು ಭಾವ ಕಟ್ಟೆಯವನನ್ನು ಕೇಳಿದರೆ, ಅವನು ಆಕಾಶ ನೋಡಿ, "ಬರುತ್ತೆ" ಎಂದನಂತೆ.

"ಆಮೇಲೆ ನೋಡಬೇಕಿತ್ತು ಇವರನ್ನ! ಕಟ್ಟೆ ಮೇಲೆ ಹೋಗ್ತಾರೆ, ಬರ್ತಾರೆ, ಹೋಗ್ತಾರೆ, ಬರ್ತಾರೆ. ಮೀನಿನ ದೋಣಿ ಬಂದರೆ ಅದಕ್ಕೂ ಕೈ ತೋರಿಸಿ, ಎಡಕ್ಕೆ ತಗೋ, ಹಿಂದೆ ನಿಲ್ಲಿಸು ಅಂತಾರೆ. ಮೀನಿನವರು ಹೆದರಿ ಒಂದೆರಡು ದಿನ ಆ ಕಡೆ ದಡದಲ್ಲೇ ಕಟ್ಟಿಕೊಂಡರು ಪಾಪ. ಊಟದ ಹೊತ್ತಾಯ್ತು ಅಂತ ಇಲ್ಲಿ ಮಾಲೀಕಮ್ಮನ ಅಡುಗೆಮನೆಗೆ ನುಗ್ಗಿದರೆ, ಆಕೆ ಸೌಟು ತೋರಿಸಿ, ಬೆಂದ ಮೇಲೆ ಕರೀತೀನಿ ಹೋಗಯ್ಯ ಅಂದಳು. ಇವರನ್ನ! ಹೋಗಯ್ಯ ಅಂತ!"

"ಆಮೇಲೆ?"

ಅಕ್ಕ ನನ್ನನ್ನು ನೋಡಿದಳು. ಅವಳ ಕಣ್ಣು ತುಂಬಿದ್ದು ಕಂಡು ನಾನು ಬೆಚ್ಚಿದೆ.

"ಅದೇ ಮಾತು ಕಣೋ ಅವರೂ ಅಂದಿದ್ದು. ಒಂದು ಮಧ್ಯಾಹ್ನ ಮಾಡೋಕೆ ಏನೂ ಇಲ್ದೆ ಇಲ್ಲೇ ಕೂತಿದ್ರು. ನಾನು ಸುಮ್ಮನೆ, ಸ್ಕೂಲಲ್ಲಿ ನನ್ನ ಗೆಳತಿ ಜೊತೆ ಮಾತು ಬಿಟ್ಟಿದ್ದು ಹೇಳ್ತಾ ಇದ್ದೆ. ಒಂದು ಕಡೆ ನಿಲ್ಲಿಸಿದೆ, ಇನ್ನೇನು ಸಾರಾಂಶ ಕೇಳ್ತಾರೆ ಅಂತ. ನದಿ ನೋಡ್ತಾ ಇದ್ದವರು ತಿರುಗಿ, ಆಮೇಲೆ? ಅಂದ್ರು. ನನಗೆ ಮುಂದಿನ ಮಾತೇ ಹೊರಡಲಿಲ್ಲ, ಅಷ್ಟು ಗಾಬರಿ ಆಯ್ತು."

ವಾರ ಕಳೆದು ದೋಣಿ ಅವರ ಪೆಟ್ಟಿಗೆಯನ್ನು ಹೊತ್ತು ತಂದಿತಂತೆ. ಭಾವ ತಮ್ಮ ಬಟ್ಟೆ ತೆಗೆದುಕೊಂಡು, ಉಳಿದದ್ದನ್ನು ಮಂಚದ ಕೆಳಗೆ ತಳ್ಳಿದರು. ಅಲ್ಲಿಂದೀಚೆಗೆ ನದಿಯಗುಂಟ ಸಾಮಾನಿನ ದೋಣಿಗಳಲ್ಲಿ, ಮನಸ್ಸು ಬಂದ ದಿನ ಹೊರಟು, ಇಷ್ಟವಾದ ಕಡೆ ಇಳಿದು, ಬೇಜಾರಾದಾಗ ತಿರುಗಿ ಈ ಕೋಣೆಗೇ ಬರುವುದು. ಒಂದು ಊರಲ್ಲಿ ಒಬ್ಬ ಬಡಗಿ ಕುರ್ಚಿ ಮಾಡುವುದನ್ನು ಮೊದಲಿನಿಂದ ಕೊನೆಯವರೆಗೆ ನೋಡಿದರಂತೆ. ಎಂದರೆ ಮರ ಕೊಯ್ಯುವಲ್ಲಿಂದ ಬಣ್ಣ ಒಣಗುವ ತನಕ.

"ನೀನು ಯಾಕೆ ಬಂದಿದ್ದೀಯ ಅಂತ ಗೊತ್ತು" ಎಂದಳು ಅಕ್ಕ. "ಅವರನ್ನ ಮತ್ತೆ ಆ ಗಾಜಿನ ಡಬ್ಬಿಗೆ ಹಾಕಬೇಡ ಕಣೋ. ನನಗೆ ಈಗ ತಾನೇ ಗಂಡ ಸಿಕ್ಕಿದ್ದಾರೆ."

ಇಷ್ಟು ಹೇಳಿಸಿಕೊಂಡ ಮೇಲೆ ತಮ್ಮನಾದವನು ಬಾಯಿ ಮುಚ್ಚಿಕೊಂಡು ಊಟ ಮಾಡಿ ಬರಬೇಕಿತ್ತು. ಆದರೆ ಕೆಲಸ ಭಾವನದು, ಮಾತು ಕೊಟ್ಟವರೂ ಅವರೇ. ಅವರಿಗೆ ಹೇಳದೆ ಮುಚ್ಚಿಡಲು ನಾನು ಯಾರು? ಊಟಕ್ಕೆ ಕೂತಾಗ, ಎಂದರೆ ಭಾವ ಕೂತು ಊಟ ಮಾಡುವ ದೃಶ್ಯಕ್ಕೆ ಕಣ್ಣು ಒಗ್ಗಿಕೊಂಡ ಮೇಲೆ, ಹೇಳಿದೆ. ಹೊಸ ಗಾಜಿನ ಕೋಣೆ ಸಿದ್ಧವಾಗಿದೆ, ಮಾಲೀಕರು ಸೋಮವಾರದ ತನಕ ಕಾಯುತ್ತಾರೆ, ಈ ಮಧ್ಯಾಹ್ನದ ಬಸ್ಸಿಗೆ ಮೂರು ಟಿಕೆಟ್ ಮಾಡಿಸಿದ್ದೇನೆ.

ಭಾವನ ಕೈ ತಟ್ಟೆಯ ಮೇಲೆ ನಿಂತಿತು.

"ಸೋಮವಾರವಾ? ಇವತ್ತು ಯಾವ ವಾರ?"

ವಾರ ಗೊತ್ತಿರಲಿಲ್ಲ! ಶನಿವಾರ ಎಂದೆ. ಅವರ ಬೆನ್ನು ನೋಡನೋಡುತ್ತಿದ್ದಂತೆ ನೆಟ್ಟಗಾಯಿತು. ಗಡ್ಡದ ಹಿಂದಿನಿಂದ ಮುಳ್ಳು ಸಾಹೇಬರು, ಹಿಂದಕ್ಕೆ ಬರುವ ಬಸ್ಸಿನ ಹಾಗೆ, ಸದ್ದುಮಾಡುತ್ತ ಬಂದೇಬಂದರು. ಕೈ ತೊಳೆದರು. ಮೇಲಕ್ಕೆ ಹೋದರು. ಮಂಚದ ಕೆಳಗಿನ ಪೆಟ್ಟಿಗೆ ಎಳೆದ ಸದ್ದು ಕೇಳಿತು. ನಾನು ತುತ್ತು ನುಂಗುವುದರೊಳಗೆ ಪೆಟ್ಟಿಗೆ ಜಗುಲಿಗೆ ಬಂದಿತ್ತು.

"ಮಾತು ಕೊಟ್ಟಿದ್ದೀನಿ" ಎಂದರು ಯಾರ ಮುಖವನ್ನೂ ನೋಡದೆ. "ನಡಿ, ಹೊರಡು" ಎಂದರು ಅಕ್ಕನಿಗೆ.

ಅಕ್ಕ ಎದ್ದಳು, ತಟ್ಟೆ ತೆಗೆದಿಟ್ಟಳು, ಜಗುಲಿಯ ಕುರ್ಚಿಯಲ್ಲಿ ಬಂದು ಕೂತಳು. "ಹೋಗಿ ಬನ್ನಿ" ಎಂದಳು.

"ಹೋಗಿ ಬನ್ನಿ ಅಂದ್ರೆ? ನೀನು?"

"ನಾನು ಇಲ್ಲೇ ಇರ್ತೀನಿ. ಮಾಲೀಕಮ್ಮನಿಗೆ ಹೇಳಿದ್ದೀನಿ."

ನಾನು ಕಂಬ ಹಿಡಿದುಕೊಂಡೆ. ಭಾವನಿಗೆ ಹಿಡಿದುಕೊಳ್ಳಲು ಏನೂ ಸಿಗದೆ ಪೆಟ್ಟಿಗೆಯ ಮೇಲೆ ಕೂತರು.

"ಮನೆ ಯಾರು ನೋಡ್ಕೋತಾರೆ?"

"ಸೊಸೆ ಇದ್ದಾಳೆ."

"ನನ್ನ ಊಟ?"

"ನಿಂತ್ಕೊಂಡು ತಿನ್ನೋರಿಗೆ ಯಾರು ಬಡಿಸಿದರೇನು?"

"ನಾನೇನು ಕುಣಿಯೋಕೆ ನಿಂತ್ಕೊಂಡು ತಿಂದೆನಾ? ಮಕ್ಕಳ ಓದು, ಮನೆ, ನಿನ್ನ ಆಸ್ಪತ್ರೆ, ಯಾವುದಾದ್ರೂ ಒಂದು ದಿನ ತಡ ಆಯ್ತಾ ನನ್ನಿಂದ?"

"ಆಸ್ಪತ್ರೆ ಮಾತು ಎತ್ತಬೇಡಿ. ಎತ್ತೋದಾದ್ರೆ ಮೊದಲಿಂದ ಎತ್ತಿ."

"ಎತ್ತು."

ನನಗೆ ಆಗ ಹೊಳೆಯಿತು. ಈ ದಂಪತಿ ಜಗಳವಾಡಿದ್ದನ್ನು ನಾವು ಯಾರೂ ಒಂದು ದಿನವೂ ಕಂಡಿರಲಿಲ್ಲ. ಎಂಥ ಹೊಂದಾಣಿಕೆ ಎಂದು ನೆಂಟರೆಲ್ಲ ಹೊಗಳುತ್ತಿದ್ದೆವು. ಹೊಂದಾಣಿಕೆಯಲ್ಲ, ಜಗಳವಾಡಲು ಭಾವನಿಗೆ ಹೊತ್ತೇ ಇರಲಿಲ್ಲ. ಇಷ್ಟು ವರ್ಷದ ಜಗಳ ಒಂದೂ ಖರ್ಚಾಗದೆ ಹಾಗೇ ಉಳಿದಿತ್ತು.

ಅಕ್ಕ ಮದುವೆಯಿಂದ ಶುರುಮಾಡಿದಳು. ಭಾವ ಫೋಟೋದವನನ್ನು ಬೇಗ ಬೇಗ ಎಂದು ಗದರಿಸಿದ್ದರಿಂದ ಮದುವೆಯ ಫೋಟೋದಲ್ಲೆಲ್ಲ ಅವಳ ಕಣ್ಣು ಮುಚ್ಚಿದೆ ಎಂಬುದು ಮೊದಲ ಆರೋಪ. ಕಣ್ಣು ಮುಚ್ಚಿದ್ದು ಹೊಗೆಗೆ ಎಂದು ಭಾವ. ಹೊಗೆ ಎಲ್ಲಿತ್ತು ಎಂದು ಅಕ್ಕ. ನನ್ನನ್ನು ಸಾಕ್ಷಿಗೆ ಕರೆದರು. ಆಗ ನಾನು ಚಡ್ಡಿ ಹಾಕುತ್ತಿದ್ದೆ, ನೆನಪಿಲ್ಲ ಎಂದೆ. ಇಬ್ಬರೂ ಸೇರಿ ನನ್ನನ್ನು ಬೈದು ಮುಂದಕ್ಕೆ ಹೋದರು. ಮಗ ಹುಟ್ಟಿದಾಗ ಭಾವ ಆಸ್ಪತ್ರೆಗೆ ಭೇಟಿಯ ಗಂಟೆ ಬಾರಿಸಿದಾಗ ಬಂದು, ಮುಗಿಯುವ ಗಂಟೆಗೆ ಎದ್ದು ಹೋದದ್ದಕ್ಕೆ ಬಂದಾಗ ಅಕ್ಕನ ದನಿ ಒಡೆಯಿತು. ಒಳಗಿನಿಂದ ಮಾಲೀಕಮ್ಮ ಚಹಾ ತಂದಿಟ್ಟು, "ಗಂಟೆ ಹೊಡೆದರೆ ಎದ್ದುಬಿಡೋದಾ ಸ್ವಾಮಿ?" ಎಂದು ತನ್ನದೂ ಒಂದು ಸೇರಿಸಿ ಹೋದಳು. ಇಬ್ಬರೂ ಚಹಾ ಕುಡಿದರು. ಜಗಳಕ್ಕೆ ಒಳ್ಳೆಯದಾಯಿತು.

ಪೇಟೆಯ ಆ ತುದಿಯಲ್ಲಿ ಬಸ್ಸಿನ ಹಾರ್ನು ಕೇಳಿತು. ಜೇಬಿನಲ್ಲಿದ್ದ ಮೂರು ಟಿಕೆಟ್ ಮುಟ್ಟಿಕೊಂಡು, "ಭಾವ, ಬಸ್ಸು" ಎಂದೆ.

"ಸುಮ್ನಿರು, ಮಾತಾಡ್ತಾ ಇದ್ದೀವಿ."

ಬಸ್ಸೊಂದು ಹೊರಡುವ ಸದ್ದು ಕೇಳಿಯೂ ತಲೆ ಎತ್ತದ ಆ ಮನುಷ್ಯನನ್ನು ನೋಡುತ್ತ ನಿಂತೆ. ಬಸ್ಸು ಪೇಟೆ ದಾಟಿ ಮರೆಯಾಯಿತು.

"ನಿನಗೆ ಹೇಳೋದು ಸುಲಭ" ಎನ್ನುತ್ತಿದ್ದರು ಭಾವ, ದನಿ ಇಳಿಸಿ. "ಅಲ್ಲಿ ನಾನು ಸೀಟಿ ಊದಿದರೆ ಅಷ್ಟೂ ಬಸ್ಸು ಅಲುಗಾಡುತ್ತೆ. ಇಲ್ಲಿ ಊದಿದರೆ ಒಂದು ಕೋಳಿಯೂ ತಿರುಗಿ ನೋಡಲ್ಲ. ಆ ಕೋಣೆ ಬಿಟ್ಟರೆ ನಾನು ಏನು ಹೇಳು?"

"ನಾನು ತಿರುಗಿ ನೋಡ್ತೀನಲ್ಲ" ಎಂದಳು ಅಕ್ಕ. ಆಮೇಲೆ, ಅಷ್ಟಕ್ಕೇ ರಾಜಿಯಾಯಿತೆಂದು ಅವರು ತಿಳಿದಾರೆಂದೋ ಏನೋ, "ಅದೂ ನಿಮಗೆ ಗೊತ್ತಾಗಿಲ್ಲ. ನಿಮ್ಮಮ್ಮ ಇದ್ದಾಗಂತೂ..." ಎಂದು ಮುಂದಿನ ಅಧ್ಯಾಯ ತೆರೆದಳು.

"ಅಮ್ಮನ ವಿಷಯ ಬೇಡ."

"ಬೇಕು."

ಆಗ ನನ್ನ ಫೋನು ಬಡಿದುಕೊಂಡಿತು. ಬಸ್ ಮಾಲೀಕರು. ಸಾಹೇಬರು ಹೊರಟರಾ ಎಂದು ಕೇಳಿದರು. ನಾನು ಏನು ಹೇಳಲಿ? ಫೋನನ್ನು ಭಾವನ ಮುಂದೆ ಹಿಡಿದೆ. ಅಕ್ಕನ ಮುಖದಲ್ಲಿದ್ದ ಭಯವನ್ನು ನಾನು ನೋಡಬಾರದಿತ್ತು. ಕೈಗಳು ಮಡಿಲಲ್ಲಿ ಒಂದನ್ನೊಂದು ಹಿಚುಕುತ್ತಿದ್ದವು.

ಭಾವ ಫೋನು ತೆಗೆದುಕೊಂಡು ಎದ್ದು ನಿಂತರು. ಜಗುಲಿಯ ಅಂಚಿಗೆ ಹೋದರು. ನಿಲ್ದಾಣದ ಮೈಕಿನಲ್ಲಿ ಮಾತಾಡುವ ಅದೇ ದನಿ.

"ನಮಸ್ಕಾರ. ಮಾತು ಕೊಟ್ಟಿದ್ದೆ, ತಪ್ಪಿದ್ದೀನಿ, ಕ್ಷಮಿಸಬೇಕು. ಇಲ್ಲ, ಸೋಮವಾರ ಆಗಲ್ಲ. ಅದರ ಮುಂದಿನ ಸೋಮವಾರವೂ ಆಗಲ್ಲ... ಆರೋಗ್ಯ ಚೆನ್ನಾಗಿದೆ. ಬೇರೆ ಯಾರನ್ನಾದರೂ ನೋಡಿಕೊಳ್ಳಿ ಸ್ವಾಮಿ, ನನಗೆ ಇಲ್ಲಿ ಪುರುಸೊತ್ತಿಲ್ಲ."

ಫೋನು ನನ್ನ ಕೈಗಿಟ್ಟು, ಪೆಟ್ಟಿಗೆಯನ್ನು ಕಾಲಿನಿಂದ ಗೋಡೆಗೆ ಸರಿಸಿ, ಅಕ್ಕನ ಎದುರಿನ ಕುರ್ಚಿಯಲ್ಲಿ ಆರಾಮವಾಗಿ ಕೂತರು.

"ಎಲ್ಲಿಗೆ ಬಂದಿದ್ವಿ?"

ಅಕ್ಕ ಕಣ್ಣು ಒರೆಸಿಕೊಂಡು ತನ್ನ ಕುರ್ಚಿಯನ್ನು ಒಂದಿಷ್ಟು ಹತ್ತಿರಕ್ಕೆ ಎಳೆದುಕೊಂಡಳು.

"ನಿಮ್ಮಮ್ಮನ ತನಕ" ಎಂದಳು.